ಸೊಂಟದ ಆಪರೇಷನ್: ರಕ್ತದ ಬ್ಯಾಗಾ, ಟ್ರಾನೆಕ್ಸಾಮಿಕ್ ಇಂಜೆಕ್ಷನ್ನಾ?

ನನ್ನ ಓಟು ರಕ್ತ ಹೋಗುವುದನ್ನು ಕಡಿಮೆ ಮಾಡುವ ಈ ಇಂಜೆಕ್ಷನ್‌ಗೇ. ಅಮ್ಮ, ಅತ್ತೆ ಇಬ್ಬರಿಗೂ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿದಿತ್ತು, ಇಬ್ಬರಿಗೂ ಬೈಪೋಲಾರ್ (ಮುರಿದ ತೊಡೆಮೂಳೆಯ ತಲೆಯ ಬದಲು ಕೂರಿಸುವ ಕೃತಕ ಗುಂಡು) ಹಾಕಿಸಿದೆವು. ಅಮ್ಮನ ಆಸ್ಪತ್ರೆಯಲ್ಲಿ ರಕ್ತ ಹೋದರೆ ಬ್ಯಾಗ್ ಏರಿಸುವ ಲೆಕ್ಕ. ಅತ್ತೆಗೆ ಕೊಯ್ಯುವ ಮೊದಲೇ 1 ಗ್ರಾಂ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರು. ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, 8ಕ್ಕಿಂತ ಇಳಿದರೆ, ಇಲ್ಲವೇ ಎದೆನೋವು, ತಲೆಸುತ್ತು ಬಂದರೆ ಮಾತ್ರ ರಕ್ತ ಎಂದರು.

ಬ್ಯಾಗಿನ ದಾರಿಯಲ್ಲಿ ಜೀವ ಹಿಂಡಿದ್ದು ಬದಲಿ ರಕ್ತದಾನಿಗಳ ಹುಡುಕಾಟ. ಬ್ಲಡ್ ಬ್ಯಾಂಕಿನವರು "ನಿಮ್ಮ ಕಡೆಯವರನ್ನು ಕರೆತನ್ನಿ" ಎಂದು ಪಟ್ಟು ಹಿಡಿದರು. ಅಣ್ಣ ಬಂದ, ರಕ್ತ ಕೊಡಲು ಬೇಕಾದ 12.5 ಎಚ್‌ಬಿ ಅವನಿಗಿರಲಿಲ್ಲ. ಭಾವನವರು ಮೂರು ತಿಂಗಳೊಳಗೆ ಒಮ್ಮೆ ಕೊಟ್ಟಿದ್ದರು. ಚಿಕ್ಕಪ್ಪನಿಗೆ 65 ದಾಟಿದೆ. ಕೊನೆಗೆ ಪಕ್ಕದ ಬೆಡ್ಡಿನವರ ಮಗ, ಯಾರೋ ಏನೋ, ಬಂದು ಕೊಟ್ಟ. ಅಮ್ಮ ಒಳಗೆ ನೋವಿನಲ್ಲಿ, ನಾವು ಹೊರಗೆ ಫೋನ್ ಹಿಡಿದು ಅಲೆಯುತ್ತಿದ್ದೆವು.

ಅಷ್ಟಕ್ಕೂ ಒಂದು ಬ್ಯಾಗಿಗೆ ಎಚ್‌ಬಿ ಏರುವುದು ಸುಮಾರು 1 ಮಾತ್ರ. ವಯಸ್ಸಾದವರಿಗೆ ಬೇಗ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುವ ಭಯ, ಹಾಗಾಗಿ ಗಂಟೆಗಟ್ಟಲೆ ಕಾವಲು ಕೂರಬೇಕು.

ಟ್ರಾನೆಕ್ಸಾಮಿಕ್ ಹೊಸ ರಕ್ತ ಕೊಡುವುದಿಲ್ಲ, ಕಟ್ಟಿದ ಹೆಪ್ಪು ಬೇಗ ಕರಗದಂತೆ ತಡೆಯುತ್ತದೆ, ಅಷ್ಟೇ. ಆದರೆ ಈ ಆಪರೇಷನ್‌ನಲ್ಲಿ ಅದೇ ಮುಖ್ಯ, ಯಾಕೆಂದರೆ ಕಣ್ಣಿಗೆ ಕಾಣುವ ರಕ್ತಕ್ಕಿಂತ ಸ್ನಾಯುಗಳ ನಡುವೆ ಸದ್ದಿಲ್ಲದೆ ಜಿನುಗುವುದೇ ಎಷ್ಟೋ ಸಲ ಜಾಸ್ತಿ. ಆಪರೇಷನ್ ಚೆನ್ನಾಗಾಯಿತು ಎಂದ ಮೇಲೂ ಅಮ್ಮನ ಎಚ್‌ಬಿ ಇಳಿಯುತ್ತಲೇ ಇತ್ತು. ಅತ್ತೆಗೂ ಇಳಿಯಿತು, ಆದರೆ 8ರ ಮೇಲೇ ನಿಂತಿತು. ರಕ್ತ ಬೇಕಾಗಲಿಲ್ಲ.

ಖರ್ಚು? ಇಂಜೆಕ್ಷನ್ ನೂರರ ಲೆಕ್ಕ, ಬ್ಯಾಗುಗಳದ್ದು ಸಾವಿರದ ಲೆಕ್ಕ.

8ರವರೆಗೆ ಕಾಯುವುದು ಜಿಪುಣತನ ಅಂತ ನಮ್ಮ ನೆಂಟರು ಗೊಣಗಿದರು. ಅಲ್ಲ. 2011ರಲ್ಲಿ ಬಂದ ಫೋಕಸ್ ಅಧ್ಯಯನದಲ್ಲಿ ಸೊಂಟ ಮುರಿದಿದ್ದ, ಹೃದಯದ ತೊಂದರೆ ಅಥವಾ ಅದರ ಅಪಾಯ ಇದ್ದ 2,016 ಜನರನ್ನು ನೋಡಿದ್ದರು. 10ಕ್ಕಿಂತ ಇಳಿದಾಗಲೇ ರಕ್ತ ಕೊಟ್ಟವರಿಗೂ 8ರವರೆಗೆ ಕಾದವರಿಗೂ ಎರಡು ತಿಂಗಳ ನಂತರ ಸಾವಿನಲ್ಲಾಗಲಿ ನಡೆಯುವುದರಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಮನೆಯಲ್ಲಿ ಓಡಾಡಲು ನಾನು, ನನ್ನ ಗಂಡ ಇಬ್ಬರೇ. ಕೈಯಲ್ಲಿ ಹಣವೂ ಅಷ್ಟಕ್ಕಷ್ಟೆ. ನಮ್ಮಂಥವರಿಗೆ ಇಂಜೆಕ್ಷನ್ನೇ ಸರಿ. ಇತ್ತೀಚೆಗೆ ಸ್ಟ್ರೋಕ್, ಹಾರ್ಟ್ ಅಟ್ಯಾಕ್ ಆಗಿದ್ದರೆ, ಕಾಲಿನಲ್ಲಿ ಹೆಪ್ಪುಗಟ್ಟಿದ್ದರೆ, ಫಿಟ್ಸ್ ಇದ್ದರೆ ಅನಸ್ತೇಶಿಯಾ ಡಾಕ್ಟರಿಗೆ ಮೊದಲೇ ಹೇಳಿ, ಕೊಡಬೇಕೋ ಬೇಡವೋ ಅವರೇ ನೋಡುತ್ತಾರೆ. ಕ್ರಾಸ್‌ಮ್ಯಾಚ್ (ದಾನಿಯ ರಕ್ತ ರೋಗಿಗೆ ಹೊಂದುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾತ್ರ ಹೇಗಿದ್ದರೂ ಮಾಡಿಸಿಟ್ಟಿರಿ.