ಪೆಟ್ಟಿಗೆ ಮಾಡುವವರು, ಪೆಟ್ಟಿಗೆ ಮಾರುವವರು: ‘ಸಿಲಿಕಾನ್ ವ್ಯಾಲಿ’ ಮೂರನೇ ಸೀಸನ್

ಎಚ್‌ಬಿಒ ವಾಹಿನಿಯ ‘ಸಿಲಿಕಾನ್ ವ್ಯಾಲಿ’ 2014ರಿಂದ 2019ರವರೆಗೆ ಆರು ಸೀಸನ್‌ಗಳಲ್ಲಿ, ಒಟ್ಟು 53 ಕಂತುಗಳಾಗಿ ಪ್ರಸಾರವಾದ ಹಾಸ್ಯ ಸರಣಿ. ಅದರಲ್ಲಿ 2016ರಲ್ಲಿ ಬಂದ ಮೂರನೇ ಸೀಸನ್ನಿನ ಹತ್ತು ಕಂತುಗಳನ್ನಷ್ಟೇ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಉಳಿದ ಸೀಸನ್‌ಗಳು ನಗಿಸುವುದಿಲ್ಲವೆಂದಲ್ಲ. ಒಂದು ಕಂಪನಿಯಲ್ಲಿ ವಸ್ತುವನ್ನು ಕಟ್ಟುವವರಿಗೂ ಅದನ್ನು ಮಾರುವವರಿಗೂ ಬಳಸುವವರಿಗೂ ನಡುವೆ ಇರುವ ಅಂತರವನ್ನು ಇಷ್ಟು ಹತ್ತಿರದಿಂದ ಹಿಡಿದದ್ದು ಈ ಹತ್ತೇ ಕಂತುಗಳು. ಪುಣೆಯ ವಾಕಡ್‌ನಲ್ಲಿ ಭಾನುವಾರ ಸಂಜೆ ಸೇರುವ ನಮ್ಮ ಸಣ್ಣ ಕನ್ನಡ ಬಳಗದಲ್ಲಿ ಹೆಚ್ಚಿನವರು ಹಿಂಜವಡಿ, ಖರಾಡಿಗಳ ಐಟಿ ಕಚೇರಿಗಳಲ್ಲಿ ದುಡಿಯುವವರು, ಧಾರವಾಡ ಬೆಳಗಾವಿ ಕಡೆಯಿಂದ ಬಂದವರು. ಅವರೊಂದಿಗೆ ಕುಳಿತು ನೋಡಿದ್ದರಿಂದ ಯಾವ ದೃಶ್ಯಕ್ಕೆ ನಗು ಬರುತ್ತದೆ, ಯಾವುದಕ್ಕೆ ನಿಟ್ಟುಸಿರು ಬರುತ್ತದೆ ಎಂಬುದನ್ನು ಗಮನಿಸುವುದೂ ಸಾಧ್ಯವಾಯಿತು.

ಹೊಸಬರಿಗಾಗಿ ಹಿನ್ನೆಲೆ ಇಷ್ಟು. ರಿಚರ್ಡ್ ಹೆಂಡ್ರಿಕ್ಸ್ ಎಂಬ ಅಂಜುಬುರುಕ ಪ್ರೋಗ್ರಾಮರ್, ಗುಣಮಟ್ಟ ಕೆಡದಂತೆ ಕಡತಗಳನ್ನು ಕುಗ್ಗಿಸುವ ಅಲ್ಗಾರಿದಮ್ ಒಂದನ್ನು ಬರೆದು, ಅರ್ಲಿಕ್ ಬಾಕ್‌ಮನ್ ಎಂಬ ಬಾಯಿಬಡುಕನ ಮನೆಯಲ್ಲಿ ‘ಪೈಡ್ ಪೈಪರ್’ ಕಂಪನಿ ಆರಂಭಿಸುತ್ತಾನೆ. ಎದುರಾಳಿಯಾಗಿ ಹೂಲಿ ಎಂಬ ದೈತ್ಯ ಕಂಪನಿಯೂ ಅದರ ಮುಖ್ಯಸ್ಥ ಗ್ಯಾವಿನ್ ಬೆಲ್ಸನ್ನನೂ ಇದ್ದಾರೆ. ಎರಡನೇ ಸೀಸನ್ ಮುಗಿಯುವ ಹೊತ್ತಿಗೆ ಆಡಳಿತ ಮಂಡಳಿಯು ರಿಚರ್ಡ್‌ನನ್ನು ಅವನದೇ ಕಂಪನಿಯ ಸಿಇಒ ಸ್ಥಾನದಿಂದ ಕೆಳಗಿಳಿಸಿರುತ್ತದೆ. ಮೂರನೇ ಸೀಸನ್ ಅಲ್ಲಿಂದ ಮುಂದುವರಿಯುತ್ತದೆ.

ಹೊಸ ಸಿಇಒ ಜ್ಯಾಕ್ ಬಾರ್ಕರ್ ಈ ಸೀಸನ್ನಿನ ದೊಡ್ಡ ಲಾಭ. ಸ್ಟೀಫನ್ ಟೊಬೊಲೊವ್ಸ್ಕಿ ಆ ಪಾತ್ರವನ್ನು ಒಮ್ಮೆಯೂ ದನಿ ಏರಿಸದೆ ನಿರ್ವಹಿಸಿದ್ದಾರೆ. ಎದುರಿನವನು ಏನೇ ಹೇಳಿದರೂ ತಲೆಯಾಡಿಸುವ, ಹೆಗಲ ಮೇಲೆ ಕೈಯಿಟ್ಟು ಮೆಚ್ಚುವ, ಕೊನೆಗೆ ತಾನು ಮೊದಲೇ ತೀರ್ಮಾನಿಸಿದ್ದನ್ನೇ ಮಾಡಿಸುವ ಈ ಬಗೆಯ ಮೇಲಧಿಕಾರಿಯನ್ನು ಕಂಡೊಡನೆ ನಮ್ಮ ಕೋಣೆಯಲ್ಲಿ ನಗುವಿಗಿಂತ ಮೊದಲು ಒಂದು ಬಗೆಯ ಗುರುತಿನ ಗುಜುಗುಜು ಎದ್ದಿತು. ಎರಡನೇ ಕಂತಿನಲ್ಲಿ ಹೊಸ ಕಚೇರಿ, ಅಡುಗೆಯವರು, ದೊಡ್ಡ ಸೇಲ್ಸ್ ತಂಡ ಎಲ್ಲವೂ ಬರುತ್ತವೆ. ಮಾರಾಟಕ್ಕೆ ವಸ್ತುವೊಂದೇ ಇರುವುದಿಲ್ಲ. ರಿಚರ್ಡ್ ಕನಸು ಕಂಡಿದ್ದು ಎಲ್ಲರೂ ಬಳಸಬಹುದಾದ ಪ್ಲಾಟ್‌ಫಾರ್ಮ್ (ಸಾಫ್ಟ್‌ವೇರ್ ವೇದಿಕೆ). ಅದನ್ನು ಮಾರುವುದು ಕಷ್ಟವೆಂದು ಸೇಲ್ಸ್‌ನವರು ಹೇಳಿದೊಡನೆ ಜ್ಯಾಕ್, ಡೇಟಾ ಸೆಂಟರಿನ ರ‍್ಯಾಕ್‌ನಲ್ಲಿ ಕೂರಿಸುವ ಒಂದು ಪೆಟ್ಟಿಗೆಯನ್ನು ಮಾಡಲು ಆಜ್ಞಾಪಿಸುತ್ತಾನೆ. ಪ್ರತಿಭಟಿಸಲು ಬಂದ ರಿಚರ್ಡ್‌ಗೆ ಅವನು ಕುದುರೆ ಲಾಯದಲ್ಲಿ ನಿಂತು, ಕಂಪನಿಯ ನಿಜವಾದ ಸರಕೆಂದರೆ ಅದರ ಷೇರು ಎಂದು ಶಾಂತವಾಗಿ ತಿಳಿಹೇಳುವಾಗ, ಅವರ ಕಣ್ಣೆದುರಿಗೇ ಎರಡು ಕುದುರೆಗಳ ಸಮಾಗಮ ನಡೆದಿರುತ್ತದೆ. ದೃಶ್ಯ ಅಸಭ್ಯವೇ ಹೌದು, ಆದರೆ ಅಲ್ಲಿನ ವಾದ ಗಟ್ಟಿಯಾದದ್ದು: ಷೇರಿನ ಬೆಲೆಯೇ ಗುರಿಯಾದ ಮೇಲೆ ಪೆಟ್ಟಿಗೆಯೂ ಒಂದೇ, ಪ್ಲಾಟ್‌ಫಾರ್ಮೂ ಒಂದೇ. ಜ್ಯಾಕ್‌ನ ಮಾತಿನಲ್ಲಿ ತಪ್ಪು ಹುಡುಕಲು ರಿಚರ್ಡ್‌ಗೆ ಆಗುವುದಿಲ್ಲ, ನೋಡುವವರಿಗೂ ಸುಲಭವಾಗಿ ಆಗುವುದಿಲ್ಲ. ಬರವಣಿಗೆಯ ಬಲ ಇರುವುದು ಇಲ್ಲಿ.

‘ಸೇಲ್ಸ್‌ನವರು ಕ್ಲೈಂಟ್ ಎದುರು ಒಪ್ಪಿಕೊಂಡು ಬಂದಿದ್ದಾರೆ’ ಎಂಬ ವಾಕ್ಯವನ್ನು ಶುಕ್ರವಾರ ಸಂಜೆ ಕೇಳಿದವರಿಗೆ ಈ ಕಂತುಗಳು ಬೇರೆಯೇ ರುಚಿ ಕೊಡುತ್ತವೆ. ಪುಣೆಯಲ್ಲಿ ನಾವು ಮಾಡುವ ಕೆಲಸ ಬಹುಪಾಲು ಇನ್ನೊಬ್ಬರ ಪೆಟ್ಟಿಗೆಗೆ ಸ್ಕ್ರೂ ತಿರುಗಿಸುವುದೇ ಆಗಿರುವುದರಿಂದ, ಪ್ಲಾಟ್‌ಫಾರ್ಮ್ ಬೇಕೆಂದು ಹಟ ಹಿಡಿಯುವ ರಿಚರ್ಡ್‌ನ ಬಗ್ಗೆ ನಮ್ಮಲ್ಲಿ ಕೆಲವರಿಗೆ ಅಸೂಯೆಯೂ ಆಯಿತು.

ಮೂರನೇ ಕಂತಿನಲ್ಲಿ ತಂಡವು ಪೆಟ್ಟಿಗೆ ಮಾಡುತ್ತಿರುವಂತೆ ನಟಿಸುತ್ತ ಗುಟ್ಟಾಗಿ ಪ್ಲಾಟ್‌ಫಾರ್ಮ್ ಕಟ್ಟುವ ಸಂಚು ಹೂಡುತ್ತದೆ. ‘ಮೈನರ್ಟ್ಸ್‌ಹೇಗನ್ಸ್ ಹ್ಯಾವರ್‌ಸ್ಯಾಕ್’ (ಮೈನರ್ಟ್ಸ್‌ಹೇಗನ್‌ನ ಚೀಲ) ಎಂಬ ಕಂತಿನ ಹೆಸರು ಮೊದಲ ಮಹಾಯುದ್ಧದ ಒಂದು ತಂತ್ರದಿಂದ ಬಂದದ್ದು. 1917ರಲ್ಲಿ ಬ್ರಿಟಿಷರು ಸುಳ್ಳು ಯೋಜನೆಗಳಿದ್ದ ಚೀಲವೊಂದನ್ನು ತುರ್ಕರ ಕೈಗೆ ಸಿಗುವಂತೆ ಬೀಳಿಸಿದ್ದರು. ಇಡೀ ಕಂತು ಬ್ಯಾಂಕ್ ದರೋಡೆಯ ಸಿನಿಮಾದ ಗತ್ತಿನಲ್ಲಿ ಸಾಗಿ, ರಿಚರ್ಡ್ ಎಡವಿ ಬಿದ್ದು ಕೈಯಲ್ಲಿದ್ದ ಕಾಗದಗಳು ಚೆಲ್ಲಾಪಿಲ್ಲಿಯಾಗುವುದರೊಂದಿಗೆ ಒಳಗುಟ್ಟು ಬಯಲಾಗುತ್ತದೆ. ಆಕಸ್ಮಿಕದಿಂದ ಕಥೆ ತಿರುಗಿಸುವುದು ಈ ಸರಣಿಯ ಹಳೆಯ ಚಟ. ಇಲ್ಲಿ ಮಾತ್ರ ಅದನ್ನು ಕ್ಷಮಿಸಬಹುದು, ಏಕೆಂದರೆ ಸಂಚಿನ ಪ್ರತಿಯೊಂದು ಎಳೆಯನ್ನು ಯೋಚಿಸಿದ್ದ ಜಾಣರು ತಮ್ಮ ನಾಯಕನ ಕಾಲುಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಾಲ್ಕನೇ ಕಂತಿನಲ್ಲಿ ಜ್ಯಾಕ್‌ನನ್ನು ಹುದ್ದೆಯಿಂದ ತೆಗೆಯುತ್ತಾರೆ. ನನ್ನ ದೊಡ್ಡ ಆಕ್ಷೇಪ ಇದೇ. ಇಷ್ಟು ಯೋಗ್ಯ ಎದುರಾಳಿಯನ್ನು ಸೀಸನ್ನಿನ ಅರ್ಧಕ್ಕೂ ಮೊದಲೇ ಕಳೆದುಕೊಂಡ ಮೇಲೆ ಐದು ಮತ್ತು ಆರನೇ ಕಂತುಗಳು ದಾರಿ ಕಾಣದೆ ಅಲೆಯುತ್ತವೆ. ಹೂಲಿಯಿಂದ ಬಂದ ಎರಡು ಕೋಟಿ ಡಾಲರನ್ನು ರಿಚರ್ಡ್‌ನ ಗೆಳೆಯ ಬಿಗ್ ಹೆಡ್ ಮತ್ತು ಬಾಕ್‌ಮನ್ ಸೇರಿ ಉಡಾಯಿಸುವ ಪ್ರಸಂಗ ಹೆಚ್ಚು ಸದ್ದು ಮಾಡಿ ಕಡಿಮೆ ನಗಿಸುತ್ತದೆ. ಕೋಡ್‌ನಲ್ಲಿ ಟ್ಯಾಬ್ ಬಳಸಬೇಕೋ ಸ್ಪೇಸ್ ಬಳಸಬೇಕೋ ಎಂಬ ಜಗಳಕ್ಕೆ ರಿಚರ್ಡ್ ತನ್ನ ಪ್ರೇಮವನ್ನೇ ಮುರಿದುಕೊಳ್ಳುವ ದೃಶ್ಯ ಮಾತ್ರ ಪ್ರೋಗ್ರಾಮರುಗಳಿಗೆ ಪ್ರಿಯವಾದದ್ದು. ಉಳಿದವರಿಗೆ ಅದನ್ನು ವಿವರಿಸಲು ಹೊರಟರೆ ಹಾಸ್ಯ ಸತ್ತುಹೋಗುತ್ತದೆ.

ಏಳನೇ ಕಂತಿನಿಂದ ಸೀಸನ್ ಮತ್ತೆ ನೆಲೆ ಕಂಡುಕೊಳ್ಳುತ್ತದೆ. ಪ್ಲಾಟ್‌ಫಾರ್ಮಿನ ಬೀಟಾ (ಪರೀಕ್ಷಾರ್ಥ) ಆವೃತ್ತಿಯನ್ನು ಕಂಡ ಎಂಜಿನಿಯರುಗಳೆಲ್ಲ ಹೊಗಳುತ್ತಾರೆ. ಹೂಡಿಕೆ ಸಂಸ್ಥೆಯವಳಾದ, ಎಂಜಿನಿಯರಲ್ಲದ ಮೋನಿಕಾ ಒಬ್ಬಳಿಗೆ ಮಾತ್ರ ಅದು ಹಿಡಿಸುವುದಿಲ್ಲ, ಅವಳ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಆ ಬೀಜ ಒಂಬತ್ತನೇ ಕಂತಿನಲ್ಲಿ ಮೊಳೆಯುತ್ತದೆ. ಐದು ಲಕ್ಷ ಡೌನ್‌ಲೋಡ್ ಆಯಿತೆಂದು ಕಚೇರಿಯಲ್ಲಿ ಸಂಭ್ರಮ ನಡೆದಿರುವಾಗ, ದಿನವೂ ನಿಜವಾಗಿ ಬಳಸುವವರು 19,000 ಮಂದಿ ಮಾತ್ರ ಎಂಬ ಸಂಗತಿ ಹೊರಬೀಳುತ್ತದೆ. ಕಾರಣ ಹುಡುಕಲು ಸಾಮಾನ್ಯ ಬಳಕೆದಾರರನ್ನು ಒಂದು ಕೋಣೆಯಲ್ಲಿ ಕೂರಿಸಿ ಅಭಿಪ್ರಾಯ ಕೇಳುತ್ತಾರೆ. ಗಾಜಿನ ಆಚೆ ಕುಳಿತ ರಿಚರ್ಡ್‌ಗೆ ಅವರ ಗೊಂದಲವನ್ನು ಸಹಿಸಲಾಗುವುದಿಲ್ಲ. ಅವನು ಒಳಗೆ ನುಗ್ಗಿ, ತಾಸುಗಟ್ಟಲೆ ಪಾಠ ಹೇಳಿ, ಕೊನೆಗೂ ಅವರಿಗೆ ಅರ್ಥವಾಯಿತೆಂದು ಬೀಗುತ್ತಾನೆ. ತನ್ನ ಎಡವಟ್ಟು ವಿನ್ಯಾಸವನ್ನು ತಿದ್ದುವ ಬದಲು ಬಳಕೆದಾರರನ್ನೇ ತಿದ್ದಬಹುದೆಂಬ ಈ ಭ್ರಮೆಯನ್ನು ಇಷ್ಟು ತಾಳ್ಮೆಯಿಂದ ಬಿಡಿಸಿಟ್ಟ ಹಾಸ್ಯವನ್ನು ನಾನು ಬೇರೆಡೆ ನೋಡಿಲ್ಲ. ಆ ದೃಶ್ಯ ನಡೆದಾಗ, ಚಿಂಚವಡದ ಶಾಲೆಯೊಂದರಲ್ಲಿ ಗಣಿತ ಕಲಿಸುವ ನಮ್ಮ ವೈನಿ, ‘ಅಲ್ರೀ, ಮಂದಿಗೆ ತಿಳೀಲಿಲ್ಲ ಅಂದ್ರ ಅದು ಮಂದೀ ತಪ್ಪೇನ?’ ಎಂದು ಕೇಳಿದರು. ಸೋಫಾದ ಮೇಲಿದ್ದ ನಾಲ್ವರು ಡೆವಲಪರುಗಳಲ್ಲಿ ಯಾರೂ ತಕ್ಷಣ ಉತ್ತರಿಸಲಿಲ್ಲ.

ಇದೇ ಕಂತಿನ ಕೊನೆಯಲ್ಲಿ ಕಂಪನಿಯ ಅತ್ಯಂತ ಸಾಧು ಮನುಷ್ಯ ಜ್ಯಾರೆಡ್, ರಿಚರ್ಡ್‌ನ ಸಂಕಟ ನೋಡಲಾರದೆ ಬಾಂಗ್ಲಾದೇಶದ ಕ್ಲಿಕ್ ಫಾರ್ಮ್ (ಹಣಕ್ಕೆ ಸುಳ್ಳು ಕ್ಲಿಕ್ ಮಾಡಿಕೊಡುವ ಸಂಸ್ಥೆ) ಒಂದಕ್ಕೆ ಹಣ ಕೊಟ್ಟು ಸುಳ್ಳು ಬಳಕೆದಾರರನ್ನು ಕೊಳ್ಳುತ್ತಾನೆ. ಝ್ಯಾಕ್ ವುಡ್ಸ್ ಅವರ ಅಭಿನಯ ಇಡೀ ಸರಣಿಯಲ್ಲಿಯೇ ನನಗೆ ಎಲ್ಲರಿಗಿಂತ ಹೆಚ್ಚು ಮೆಚ್ಚುಗೆಯಾದದ್ದು. ವಂಚನೆಯನ್ನೂ ಸೇವೆಯಂತೆ ಮಾಡುವ ಆ ಮುಖವನ್ನು ಕಂಡು ಸಿಟ್ಟು ಬರುವುದೇ ಇಲ್ಲ. ಹತ್ತನೇ ಕಂತಿನಲ್ಲಿ ರಿಚರ್ಡ್ ಹೂಡಿಕೆದಾರರ ಎದುರು ಸತ್ಯ ಹೇಳಿಬಿಟ್ಟ ಮೇಲೆ ಕಂಪನಿಯ ಬೆಲೆ ಕುಸಿದು, ಬಾಕ್‌ಮನ್ ಮತ್ತು ಬಿಗ್ ಹೆಡ್ ಅದನ್ನು ಹತ್ತು ಲಕ್ಷ ಡಾಲರಿಗಿಂತ ತುಸು ಹೆಚ್ಚಿಗೆ ಕೊಂಡುಕೊಳ್ಳುತ್ತಾರೆ. ಗೆದ್ದೊಡನೆ ಸೋಲು, ಸೋತೊಡನೆ ಯಾರೋ ಬಂದು ಎತ್ತುವುದು ಎಂಬ ಈ ಚಕ್ರ ನಾಲ್ಕನೇ ಸೀಸನ್ ಹೊತ್ತಿಗೆ ಬೇಸರ ತರಿಸುತ್ತದೆ, ಇಲ್ಲಿ ಇನ್ನೂ ತರಿಸಿಲ್ಲ.

ಕಂಪನಿಯ ಪ್ರೋಗ್ರಾಮರುಗಳಾದ ದಿನೇಶ್ ಮತ್ತು ಗಿಲ್‌ಫಾಯ್ಲ್ ಪಾತ್ರಗಳಲ್ಲಿ ಕುಮೈಲ್ ನಂಜಿಯಾನಿ, ಮಾರ್ಟಿನ್ ಸ್ಟಾರ್ ನಡೆಸುವ ನಿತ್ಯದ ಕಾಲೆಳೆತ ಎಲ್ಲ ಕಂತುಗಳಲ್ಲೂ ಒಂದೇ ಮಟ್ಟದಲ್ಲಿದೆ. ಮೋನಿಕಾಳಾಗಿ ಅಮಾಂಡಾ ಕ್ರೂ ಅವರಿಗೆ ಸಿಕ್ಕ ಮಾತುಗಳು ತೀರ ಕಡಿಮೆ. ಸರಿಯಾದದ್ದನ್ನು ಮೊದಲು ಕಂಡವಳನ್ನು ಬರಹಗಾರರೂ ಕಚೇರಿಯ ಗಂಡಸರಂತೆಯೇ ಮೂಲೆಗೆ ಸರಿಸಿದ್ದಾರೆ. ಬೈಗುಳ ಮತ್ತು ಅಶ್ಲೀಲ ಹಾಸ್ಯ ಧಾರಾಳವಾಗಿರುವುದರಿಂದ ಅಪ್ಪ ಅಮ್ಮ ಊರಿನಿಂದ ಬಂದಿರುವಾಗ ಟಿವಿಯಲ್ಲಿ ಹಾಕುವಂಥದ್ದಲ್ಲ.

ನೇರವಾಗಿ ಮೂರನೇ ಸೀಸನ್ನಿಗೇ ಬರುವವರು ಎರಡನೆಯದರ ಕೊನೆಯ ಎರಡು ಕಂತುಗಳನ್ನಾದರೂ ನೋಡಿಕೊಂಡು ಬರಬೇಕು. ಅಲ್ಗಾರಿದಮ್ ತನ್ನದೆಂದು ಹೂಲಿ ಹೂಡಿದ ವ್ಯಾಜ್ಯ ಅಲ್ಲಿ ತೀರ್ಮಾನವಾಗುತ್ತದೆ: ಕೆಲಸ ಬಿಟ್ಟವನು ಬೇರೆಡೆ ದುಡಿಯಬಾರದೆಂಬ ಷರತ್ತು ಕ್ಯಾಲಿಫೋರ್ನಿಯಾದ ಕಾನೂನಿಗೆ ವಿರುದ್ಧವಾದ್ದರಿಂದ ಹಿಂದೆ ಹೂಲಿಯಲ್ಲಿ ದುಡಿದಿದ್ದ ರಿಚರ್ಡ್‌ನ ಇಡೀ ನೌಕರಿ ಕರಾರೇ ಅಸಿಂಧುವಾಗುತ್ತದೆ. ನಮ್ಮಲ್ಲೂ 1872ರ ಭಾರತೀಯ ಕರಾರು ಕಾಯಿದೆಯ 27ನೇ ಕಲಂ ವೃತ್ತಿಗೆ ಅಡ್ಡಿಯಾಗುವ ಕರಾರುಗಳನ್ನು ಅನೂರ್ಜಿತವೆನ್ನುತ್ತದೆ. ಆದರೂ ಅಂಥ ಷರತ್ತುಗಳು ನೇಮಕಾತಿ ಪತ್ರಗಳಲ್ಲಿ ಅಚ್ಚಾಗುತ್ತಲೇ ಇರುತ್ತವೆ. ಆ ಕಂತು ಮುಗಿದ ಮೇಲೆ ನಮ್ಮ ಬಳಗದ ಇಬ್ಬರು ಚಹಾ ಕೂಡ ಕುಡಿಯದೆ ತಮ್ಮ ಆಫರ್ ಲೆಟರಿನ ಪಿಡಿಎಫ್ ಹುಡುಕಲು ಫೋನ್ ತೆಗೆದರು.