ವೆನೆಜುವೆಲಾ ವಿರೋಧ ಪಕ್ಷಗಳ ಫಲಿತಾಂಶ ಸೈಟ್: ಐದಕ್ಕೆ ನಾಲ್ಕು ಅಂಕ

2024ರ ಜುಲೈ 28ರ ಅಧ್ಯಕ್ಷ ಚುನಾವಣೆಯಲ್ಲಿ ಅಂದಿನ ಅಧ್ಯಕ್ಷ ನಿಕೊಲಾಸ್ ಮಡುರೊ ಗೆದ್ದರೆಂದು ಚುನಾವಣಾ ಆಯೋಗ ಘೋಷಿಸಿತು. ಬೂತ್‌ವಾರು ಲೆಕ್ಕ ಮಾತ್ರ ಕೊಡಲಿಲ್ಲ. ಮರುದಿನ ರಾತ್ರಿಯೇ ವಿರೋಧ ಪಕ್ಷಗಳ ಒಕ್ಕೂಟ ಆ ಲೆಕ್ಕವನ್ನು ತಾನೇ ಸೈಟಿಗೆ ಹಾಕಿತು.

ಬಳಕೆ ಸಲೀಸು. ಗುರುತಿನ ಚೀಟಿಯ ಸಂಖ್ಯೆ ಒತ್ತಿದರೆ ನಿಮ್ಮ ಬೂತಿನ ಎಣಿಕೆ ಪಟ್ಟಿಯ ಸ್ಕ್ಯಾನ್ ತೆರೆದುಕೊಳ್ಳುತ್ತಿತ್ತು. ಚೀಟಿ ಇಲ್ಲದವರು ರಾಜ್ಯದಿಂದ ಶುರುಮಾಡಿ ಒಂದೊಂದೇ ಹಂತ ಇಳಿದು ಬೂತ್ ತಲುಪಬಹುದಿತ್ತು. ಪಟ್ಟಿಯ ಮೇಲಿನ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಓದಿಸಿ, ಮುದ್ರಿತ ಅಂಕಿಯೊಂದಿಗೆ ತಾಳೆ ಹಾಕಬೇಕು. ಎಡವುವುದು ಕೂಡುವಾಗ: ಒಬ್ಬರನ್ನೇ ಹಲವು ಪಕ್ಷಗಳು ನಿಲ್ಲಿಸಿದ್ದರಿಂದ ಮತಪತ್ರದ 38 ಚೌಕಗಳಲ್ಲಿ ಮಡುರೊ ಮುಖ 13 ಕಡೆ, ಒಕ್ಕೂಟದ ಅಭ್ಯರ್ಥಿ ಎಡ್ಮುಂಡೊ ಗೊನ್ಸಾಲೆಸ್ 3 ಕಡೆ. ಒಂದೇ ಚೌಕ ನೋಡಿ ತೀರ್ಮಾನಿಸಿದರೆ ಲೆಕ್ಕ ತಪ್ಪುತ್ತದೆ. ಇಡೀ ದತ್ತಾಂಶದ ಫೈಲನ್ನೂ ಇಳಿಸಿಕೊಳ್ಳಲು ಬಿಟ್ಟದ್ದು ಜಾಣತನ. ಎಪಿ ಸುದ್ದಿಸಂಸ್ಥೆ ಸುಮಾರು 24,000 ಚಿತ್ರಗಳ ಕೋಡುಗಳನ್ನು ತಾನೇ ಬಿಡಿಸಿ ಲೆಕ್ಕ ಹಾಕಿತು.

ಅಸಲಿ ಕೆಲಸ ಸೈಟಿನದಲ್ಲ, ಒಕ್ಕೂಟದ ಬೂತ್ ಏಜೆಂಟರದು. ಅಲ್ಲಿ ಮತದಾನ ಮುಗಿದ ಕೂಡಲೇ ಯಂತ್ರವೇ ಅಭ್ಯರ್ಥಿವಾರು ಪಟ್ಟಿಯನ್ನು ಉದ್ದನೆಯ ಕಾಗದದಲ್ಲಿ ಮುದ್ರಿಸುತ್ತದೆ. ಪ್ರತಿ ಪಡೆಯುವುದು ಏಜೆಂಟರ ಹಕ್ಕು. (ನಮ್ಮಲ್ಲಿ ಮತದಾನ ಮುಗಿದಾಗ ಬೂತ್ ಏಜೆಂಟರ ಕೈಗೆ ಬರುವ ಫಾರಂ 17ಸಿಯಲ್ಲಿ ಒಟ್ಟು ಎಷ್ಟು ಮತ ಬಿತ್ತು ಎಂದಷ್ಟೇ ಇರುತ್ತದೆ; ಯಾರಿಗೆಷ್ಟು ಎನ್ನುವುದು ಎಣಿಕೆ ಕೇಂದ್ರದಲ್ಲೇ.) 30,026 ಬೂತುಗಳಲ್ಲಿ ಪಟ್ಟಿ ಕೈಗೆ ಬರುವವರೆಗೆ ಕದಲದ ಒಬ್ಬರಾದರೂ ಬೇಕು. ಕೆಲವೆಡೆ ಏಜೆಂಟರನ್ನು ಹೊರಗಟ್ಟಿದರು, ಇನ್ನು ಕೆಲವೆಡೆ ಪ್ರತಿ ಕೊಡಲಿಲ್ಲ. ಆದರೂ ಶೇ 83.5ರಷ್ಟು ಪಟ್ಟಿ ಸೇರಿತು: ಗೊನ್ಸಾಲೆಸ್‌ಗೆ ಶೇ 67, ಮಡುರೊಗೆ ಶೇ 30.

ಉಳಿದ ಬೂತುಗಳು ಫಲಿತಾಂಶ ತಿರುಗಿಸಬಹುದಿತ್ತೇ? ಇಲ್ಲ. ಆಯೋಗವೇ ಹೇಳಿದ ಒಟ್ಟು ಮತ ಸುಮಾರು 1.23 ಕೋಟಿ. ಸೈಟಿನಲ್ಲಿ ಸಿಕ್ಕದ್ದು ಸುಮಾರು 1.09 ಕೋಟಿ. ಬಾಕಿ ಸುಮಾರು 14 ಲಕ್ಷವೂ ಮಡುರೊಗೇ ಬಿತ್ತೆಂದುಕೊಂಡರೂ ಸುಮಾರು 40 ಲಕ್ಷದ ಅಂತರ ತುಂಬುವುದಿಲ್ಲ.

ಒಂದು ಅಂಕ ಕಳೆದದ್ದು ತಲುಪುವಿಕೆಗೆ. ದೇಶದೊಳಗೆ ಸೈಟನ್ನು ತಡೆದರು, ಇಂಥ ತಡೆ ದಾಟಿಸುವ ವಿಪಿಎನ್ ತಂತ್ರಾಂಶ ಇಲ್ಲದೆ ತೆರೆಯುತ್ತಿರಲಿಲ್ಲ. ಯಾರಿಗಾಗಿ ಕಟ್ಟಿದ್ದರೋ ಅವರಿಗೇ ಕಷ್ಟ. ಹಲವು ಪಟ್ಟಿಗಳಲ್ಲಿ ಸಹಿ ಇಲ್ಲವೆಂದು ಸರ್ಕಾರ ತಕರಾರು ತೆಗೆಯಿತು. ಹಾಗಿದ್ದರೆ ತನ್ನ ಕೈಯಲ್ಲಿರುವ ಪಟ್ಟಿಗಳನ್ನು ಪಕ್ಕದಲ್ಲಿಟ್ಟು ತೋರಿಸಿದ್ದರೆ ಒಂದೇ ದಿನದಲ್ಲಿ ಇತ್ಯರ್ಥವಾಗುತ್ತಿತ್ತು. ತೋರಿಸಲಿಲ್ಲ. ಬದಲಿಗೆ ಈ ಸೈಟಿನ ವಿಚಾರಕ್ಕೇ ಗೊನ್ಸಾಲೆಸ್‌ಗೆ ಸಮನ್ಸ್ ಹೋಯಿತು, ಬಂಧನ ವಾರಂಟೂ ಬಂತು. ಸೆಪ್ಟೆಂಬರಿನಲ್ಲಿ ಅವರು ಸ್ಪೇನ್ ಸೇರಿದರು. ಕಾಗದದ ಪಟ್ಟಿಗಳು 2025ರ ಜನವರಿಯಲ್ಲಿ ಪನಾಮಾದ ರಾಷ್ಟ್ರೀಯ ಬ್ಯಾಂಕಿನ ತಿಜೋರಿ ಸೇರಿದವು.