ವಾಟರ್‌ಫರ್ಡ್‌ನಲ್ಲಿ ಒಂದು ದಿನ: ಗಾಜು, ಜರತಾರಿ, ಬ್ಲಾ

ಡಬ್ಲಿನ್‌ನಲ್ಲಿ ಓದುತ್ತಿರುವ ಮಗಳನ್ನು ನೋಡಲು ಬದಿಯಡ್ಕದಿಂದ ಹೋದ ನಾವು ವಾಟರ್‌ಫರ್ಡ್‌ಗೆ ಒಂದೇ ದಿನ ಇಟ್ಟುಕೊಂಡದ್ದು ತಪ್ಪಾಯಿತು. ಸ್ಕ್ಯಾಂಡಿನೇವಿಯಾದ ಕಡಲಯಾನಿಗಳಾದ ವೈಕಿಂಗರು 914ರಲ್ಲಿ ಶೂರ್ ನದಿಯ ದಡದಲ್ಲಿ ನೆಲೆಯೂರಿದ ಈ ಊರು ಐರ್ಲೆಂಡಿನ ಅತ್ಯಂತ ಹಳೆಯ ನಗರ. ಹೊಳೆಬದಿಯ ಹಳೆಯ ಕಾವಲುಗೋಪುರವಾದ ರೆಜಿನಾಲ್ಡ್ ಗೋಪುರ ಬೇಕಲ ಕೋಟೆಯನ್ನು ಕಂಡ ಕಣ್ಣಿಗೆ ಚಿಕ್ಕದಾಗಿ ತೋರುತ್ತದೆ; ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ.

ನಿಲ್ಲಬೇಕಾದದ್ದು ಗಾಜಿನ ಕಾರ್ಯಾಗಾರದಲ್ಲಿ. ಪೆನ್‌ರೋಸ್ ಸಹೋದರರು 1783ರಲ್ಲಿ ಆರಂಭಿಸಿದ ಈ ಉದ್ಯಮ 1851ರಲ್ಲಿ ನಿಂತು, 1947ರಲ್ಲಿ ಮರುಜೀವ ಪಡೆದು, 2009ರಲ್ಲಿ ದೊಡ್ಡ ಕಾರ್ಖಾನೆಯನ್ನು ಕಳೆದುಕೊಂಡು, ಮರುವರ್ಷ ನಗರದ ನಡುವೆ ಸಣ್ಣ ಪ್ರಮಾಣದಲ್ಲಿ ಮತ್ತೆ ಬಾಗಿಲು ತೆರೆಯಿತು. ಟಿಕೆಟು ಕೊಂಡವರು ಕುಲುಮೆಯ ಸಮೀಪದವರೆಗೂ ಹೋಗಬಹುದು. ಕರಗಿದ ಗಾಜನ್ನು ಕೊಳವೆಯ ತುದಿಯಲ್ಲಿ ಎತ್ತಿ, ಊದಿ, ಮರದ ಅಚ್ಚಿನಲ್ಲಿ ತಿರುಗಿಸುತ್ತಾರೆ. ಆರಿದ ಮೇಲೆ ಅದರ ಮೇಲೆ ಬರೆಯುವುದು ಬರಿಯ ಚೌಕಳಿ ಗೆರೆಗಳನ್ನು. ಮಿಕ್ಕ ವಿನ್ಯಾಸವೆಲ್ಲ ಕೊರೆಯುವವನ ನೆನಪಿನಲ್ಲಿರುತ್ತದೆ, ಸಾಣೆಚಕ್ರಕ್ಕೆ ಎಷ್ಟು ಒತ್ತಬೇಕೆಂಬುದು ಅವನ ಕೈಗೇ ಗೊತ್ತು. ಕುಂದಿರುವುದನ್ನು ಒಡೆದು ಮತ್ತೆ ಕರಗಿಸುತ್ತಾರೆಯೇ ಹೊರತು ಕಡಿಮೆ ಬೆಲೆಗೆ ಮಾರುವುದಿಲ್ಲ. ಎಳೆ ತಪ್ಪಿದ ಕಾಸರಗೋಡು ಸೀರೆಯನ್ನು ಚೌಕಾಸಿ ಮಾಡಿ ಕೊಂಡು ಅಭ್ಯಾಸವಿರುವ ನನ್ನ ಹೆಂಡತಿಗೆ ಇದು ಒಪ್ಪಿಗೆಯಾಗಲಿಲ್ಲ. ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು: ವಾಟರ್‌ಫರ್ಡ್ ಹೆಸರಿನ ಗಾಜಿನಲ್ಲಿ ಬಹಳಷ್ಟು ಈಗ ಐರ್ಲೆಂಡಿನ ಹೊರಗೆ ತಯಾರಾಗುತ್ತದೆ, ಊರಿನ ಕೈಕೆಲಸವೇ ಬೇಕಿದ್ದರೆ ಕೇಳಿ ತೆಗೆದುಕೊಳ್ಳಿ.

ಹೆಂಡತಿ ಮನಸೋತದ್ದು ಮಧ್ಯಯುಗದ ವಸ್ತುಸಂಗ್ರಹಾಲಯದಲ್ಲಿರುವ, ಹದಿನೈದನೆಯ ಶತಮಾನದ ಪಾದ್ರಿಗಳ ಜರತಾರಿ ಪೂಜಾವಸ್ತ್ರಗಳಿಗೆ. ಕ್ಯಾಥೊಲಿಕರ ವಿರೋಧಿಯಾದ ಇಂಗ್ಲೆಂಡಿನ ದಂಡನಾಯಕ ಕ್ರಾಮ್‌ವೆಲ್ಲನ ಸೇನೆ ಬಂದಾಗ, 1650ರಲ್ಲಿ, ಬಚ್ಚಿಟ್ಟ ಇವು ಹಳೆಯ ಕ್ಯಾಥೆಡ್ರಲ್ಲನ್ನು ಕೆಡಹುವಾಗ, 1773ರಲ್ಲಿ, ಸಿಕ್ಕವಂತೆ. ಇಟಲಿಯ ರೇಷ್ಮೆಯ ಮೇಲಿನ ಕಸೂತಿಯ ಮುಖಗಳಲ್ಲಿ ಕಣ್ಣಿನ ಭಾವ ಕೂಡ ಕಾಣುತ್ತದೆ. ಮಗ್ಗದ ಊರಿನವರು ಇದನ್ನು ಬಿಟ್ಟು ಬರಬಾರದು.

ಊಟದ ವಿಷಯದಲ್ಲಿ ಹೇಳಬೇಕಾದದ್ದು ಬ್ಲಾ ಎಂಬ ಬ್ರೆಡ್ಡಿನದು: ಹಿಟ್ಟು ಉದುರಿಸಿ ಸುಟ್ಟ, ಮೆತ್ತನೆಯ ಬಿಳಿ ಬನ್ನು. ಫ್ರಾನ್ಸಿನಿಂದ ನಿರಾಶ್ರಿತರಾಗಿ ಬಂದ ಹ್ಯೂಗೆನಾಟರು (ಅಲ್ಲಿನ ಪ್ರಾಟೆಸ್ಟೆಂಟರು) ತಂದದ್ದೆಂಬ ಪ್ರತೀತಿಯಿದೆ. 2013ರಿಂದ ಯುರೋಪಿನ ಒಕ್ಕೂಟದ ಭೌಗೋಳಿಕ ಮಾನ್ಯತೆಯೂ ಇದೆ. ಒಳಗೆ ಸಾಮಾನ್ಯವಾಗಿ ಮಾಂಸವನ್ನೇ ತುಂಬುವುದರಿಂದ ನಮ್ಮಂಥ ಸಸ್ಯಾಹಾರಿಗಳು ಬೆಣ್ಣೆ, ಜಾಮು ಸಾಕೆಂದು ಮೊದಲೇ ಹೇಳಬೇಕು. ಬೆಳಗ್ಗೆ ಬೇಕರಿಯಲ್ಲಿ ಬಿಸಿಯಾಗಿ ತಿಂದದ್ದು ಬಾಯಲ್ಲಿ ಕರಗಿತು. ಅದನ್ನೇ ಮಧ್ಯಾಹ್ನ ಹೊಳೆಬದಿಯ ಹೋಟೆಲೊಂದರಲ್ಲಿ ಕೇಳಿದಾಗ ಸಿಕ್ಕಿದ್ದನ್ನು ಚಹಾದಲ್ಲಿ ಅದ್ದದೆ ನುಂಗಲಾಗಲಿಲ್ಲ.